ಪಹರೆಯವನ ನಿವೃತ್ತಿ

ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ಮಾಸ್ತರನಾಗಿ ಎಂಟು ವರ್ಷ ಕಳೆದಿದ್ದರೂ ನನಗೆ ಮನುಷ್ಯನ ಕೈ ಬರೆಯಲು ಬರುತ್ತಿರಲಿಲ್ಲ. ಇದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದೆಂದು ನಾನು ಪಟ್ಟ ಪಾಡಿನಲ್ಲಿ ಅರ್ಧವನ್ನು ಕೈ ಬರೆಯುವುದನ್ನು ಕಲಿಯಲು ಪಟ್ಟಿದ್ದರೆ ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಗಡಿಗೆ ಇಡಿ, ಬದನೆಕಾಯಿ ಇಡಿ, ಕುರ್ಚಿಯ ಮೇಲೆ ಮಡಿಕೆ ಮಡಿಕೆಯಾಗಿ ಬಿದ್ದ ಟವೆಲ್ಲು ಇಡಿ, ನಾನು ಯಾರಿಗೂ ಕಡಿಮೆಯಿಲ್ಲದಂತೆ ಬರೆಯುತ್ತಿದ್ದೆ. ಡ್ರಾಯಿಂಗ್ ಪರೀಕ್ಷೆಗಳಲ್ಲಿ ಹೆಚ್ಚಾಗಿ ಅವನ್ನೇ ಕೇಳುತ್ತಿದ್ದರು. ನೆನಪಿನಿಂದ ಬರೆಯುವ ಚಿತ್ರಕ್ಕೆ 'ಕರಡಿ ಆಟ' ಎಂಬ ವಿಷಯ ಬಂದಾಗ ಮಾತ್ರ ಒಂದು ಗಳಿಗೆ ಕಂಗಾಲಾದೆ. ಆಮೇಲೆ ಕರಡಿಯ ಸುತ್ತ ನಿಂತ ಜನರನ್ನೆಲ್ಲ ಬೆನ್ನಿನ ಕಡೆಯಿಂದ ಬರೆದೆ. ಬರೀ ರುಮಾಲು, ಸೆರಗು, ಅಂಗಿಯ ಬೆನ್ನು. ಕರಡಿಯೂ ಕಾಣುತ್ತಿರಲಿಲ್ಲ. ಪಾಸಾದೆ. ನೋಡಿದವರು ಅದರಲ್ಲಿ ಏನೋ ಹೊಸತನ ಕಂಡಿರಬೇಕು.

ಎಂಬತ್ತರ ದಶಕದ ನಡುವಿನ ಮಾತು. ನಾನು ಕುಂದಗೋಳದಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಬಾಜು ಮನೆಯಲ್ಲಿ ಒಬ್ಬ ಬ್ಯಾಂಕ್ ಗುಮಾಸ್ತನಿದ್ದ. ಹಡಗಿನಲ್ಲಿ ಕೆಲಸ ಮಾಡುವ ಅವನ ಅಣ್ಣ ಯಾವುದೋ ಬಂದರಿನಿಂದ ಒಂದು ಇಂಗ್ಲಿಷ್ ಆಟದ ಪುಸ್ತಕ ತಂದುಕೊಟ್ಟಿದ್ದ. ಆಟಕ್ಕೆ ಹಾಸೂ ಇಲ್ಲ, ಕಾಯೂ ಇಲ್ಲ. ಒಬ್ಬ ಕಥೆ ಹೇಳಬೇಕು, ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ ನಡೆಯಬೇಕು. "ಮುಂದ ಒಂದು ಗವಿ ಐತಿ, ಒಳಗ ಯಾರೋ ಗೊರಕಿ ಹೊಡ್ಯಾಕತ್ಯಾರ. ಏನ್ ಮಾಡ್ತೀರಿ?" ಎಂದು ಅವನು ಕೇಳಬೇಕು, ಮಾಡುವುದನ್ನು ಇವರು ಹೇಳಬೇಕು. ಅದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆಂದು ಪುಸ್ತಕದಲ್ಲಿತ್ತು. ಅಂಥ ದಾಳ ಕುಂದಗೋಳದಲ್ಲಿ ಎಲ್ಲಿಂದ ಬರಬೇಕು? ನಾವು ಕವಡೆ ಹಾಕಿದೆವು.

ಕಥೆ ಹೇಳುವವನು ಗುಮಾಸ್ತ. ಆಡುವವರು ಇಬ್ಬರು. ಒಬ್ಬ ನಮ್ಮ ಓಣಿಯ ಕಿರಾಣಿ ಅಂಗಡಿಯವನು, ಅವನದು ಎಲ್ಲ ಬಿಟ್ಟ ಸಾಧುವಿನ ಪಾತ್ರ. ರಾಕ್ಷಸನ ಉಗ್ರಾಣದಲ್ಲಿ ತುಪ್ಪದ ಕೊಡ ಸಿಕ್ಕರೆ ಈ ಸಾಧು ಮೊದಲು ಕೇಳುತ್ತಿದ್ದದ್ದು, ಅದು ಆಕಳದೋ ಎಮ್ಮೆಯದೋ ಎಂದು. ಇನ್ನೊಬ್ಬ ದನದ ದವಾಖಾನೆಯ ಕಂಪೌಂಡರ್, ಅವನು ಬಿಲ್ಲುಗಾರ, ಯಾರಿಗೂ ಅಂಜದವನು. ನನ್ನದು ಪಾತ್ರವಲ್ಲ. ಪ್ರತಿ ರವಿವಾರ ಮಧ್ಯಾಹ್ನ ಅವರು ಹೋಗಲಿರುವ ಜಾಗದ ಒಂದು ಬಣ್ಣದ ಚಿತ್ರವನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದು ತರುವುದು ನನ್ನ ಕೆಲಸ.

ಮೊದಲ ವಾರ ಕೋಟೆಯ ಬಾಗಿಲು. ಬಾಗಿಲಿಗೊಬ್ಬ ಪಹರೆಯವ ಬೇಕು. ರುಮಾಲು ಚಲೋ ಬಂತು. ಕಿವಿಯಿಂದ ಕಿವಿಗೆ ಮೀಸೆ ಎಳೆದೆ, ಅರ್ಧ ಮುಖದ ತಾಪತ್ರಯ ಅಲ್ಲಿಗೇ ಮುಗಿಯಿತು. ಕೈ ಬಂದಾಗ ಕುಂಚ ನಿಂತಿತು. ಒಂದು ತಾಸು ಹೆಣಗಿ, ಕೊನೆಗೆ ಯಾವಾಗಿನಂತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಸಿದೆ. ಹಾಗಾದರೆ ಭರ್ಚಿ ಹಿಡಿಯುವವರು ಯಾರು? ಅದನ್ನು ಗೋಡೆಗೆ ಆನಿಸಿದೆ. ಪಾದಗಳೂ ಬರಲಿಲ್ಲ, ಅಲ್ಲಿ ಹುಲ್ಲು ಬೆಳೆಸಿದೆ. ಅಂಗಡಿಯವನು ನೋಡಿ, "ಆಹಾ, ಏನ್ ಗತ್ತು ನೋಡ್ರಿ! ಭರ್ಚಿ ಬಾಜೂಕಿಟ್ಟು, ಕೈ ಹಿಂದ ಕಟ್ಕೊಂಡು, ಸಾಹೇಬ್ರಂಗ ನಿಂತಾನ" ಎಂದ. ನಾನು ಉಬ್ಬಿಹೋದೆ.

ಎರಡನೆಯ ವಾರ ಭೂತದ ಅಡವಿ. ಅಲ್ಲಿಯೂ ಅವನೇ ನಿಂತ. ಮೂರನೆಯ ವಾರದಿಂದ ಅಂಗಡಿಯವನು ಚಿತ್ರ ಬಿಚ್ಚುವ ಮೊದಲೇ "ನಮ್ಮ ಪಾರೇದಾಂವ ಎಲ್ಲಿ?" ಎಂದು ಹುಡುಕತೊಡಗಿದ. ಕಂಡ ಕೂಡಲೇ "ಆರಾಮೇನಪಾ?" ಎಂದು ಕೇಳುವುದು ರೂಢಿಯಾಯಿತು. ಪಾತಾಳಕ್ಕೆ ಹೋದರೂ ಅವನಿದ್ದ, ಕಡಲಾಚೆಯ ದ್ವೀಪಕ್ಕೆ ಹೋದರೂ ಅವನಿದ್ದ. ನಾಗರಾಜನ ಹಾಲುಗಲ್ಲಿನ ಸಭೆಯಲ್ಲಿಯೂ ಅವನ ಮೊಳಕಾಲತನಕ ಹುಲ್ಲಿತ್ತು. ಆ ಹುಲ್ಲಿನ ಬಗ್ಗೆ ಯಾರೂ ಕೇಳಲಿಲ್ಲ ಎಂಬುದು ನನ್ನ ಪುಣ್ಯ.

ಸುಖ ಸಿಕ್ಕರೆ ಮನುಷ್ಯ ಬಿಡುತ್ತಾನೆಯೇ? ಕುದುರೆ ಬರೆಯಬೇಕಾದಾಗ ಪಹರೆಯವನನ್ನು ಕುದುರೆಯ ಮುಂದೆ ನಿಲ್ಲಿಸಿದೆ. ಏಳು ತಲೆಯ ರಾಕ್ಷಸ ಬಂದಾಗ ಪಹರೆಯವನ ರುಮಾಲನ್ನು ಕಂಬಳಿಯಷ್ಟು ಅಗಲ ಮಾಡಿ ಐದು ತಲೆ ಮರೆಮಾಡಿದೆ. ಇದರಲ್ಲೊಂದು ಸುಳಿವನ್ನು ಮೊದಲು ಹಿಡಿದವನು ಕಂಪೌಂಡರ್. ಏನು ಬರೆಯಲಾಗುವುದಿಲ್ಲವೋ ಅದರ ಮುಂದೆ ನಾನು ಇವನನ್ನು ನಿಲ್ಲಿಸುತ್ತೇನೆಂದು ಅವನಿಗೆ ಹೊಳೆಯಲಿಲ್ಲ. ಆದರೆ ಗಂಡಾಂತರ ಯಾವಾಗಲೂ ಇವನ ಹಿಂದೆಯೇ ಇರುತ್ತದೆ ಎಂಬುದು ಹೊಳೆಯಿತು. ಅಂದಿನಿಂದ ಗುಮಾಸ್ತ ಬಾಯಿ ತೆರೆಯುವ ಮೊದಲೇ "ಪಾರೇದಾವನ ಹಿಂದ ಬಾಣ ಬಿಟ್ಟೆ" ಎಂದು ಕಂಪೌಂಡರ್ ಕವಡೆ ಹಾಕಿಬಿಡುತ್ತಿದ್ದ. ಗುಮಾಸ್ತ ವಾರವಿಡೀ ತಲೆ ಕೆಡಿಸಿಕೊಂಡು ಹೆಣೆದ ಗುಟ್ಟು ಚಹಾ ಬರುವುದರೊಳಗೆ ಬಯಲಾಗುತ್ತಿತ್ತು.

ಒಂದು ರವಿವಾರ ಗುಮಾಸ್ತ ಕವಡೆಗಳನ್ನು ಡಬ್ಬಿಯೊಳಗೆ ಹಾಕಿ ಮುಚ್ಚಿದ. "ಇವತ್ತ ಆಟ ಇಲ್ಲ. ಮೊದಲ ಈ ಪಾರೇದಾವನ್ನ ಮನಿಗೆ ಕಳಸೂದೋ ಇಟ್ಕೊಳ್ಳೂದೋ ತೀರ್ಮಾನ ಆಗ್ಲಿ."

"ಅಂವ ಏನ್ ಮಾಡ್ಯಾನ್ರಿ ನಿಮಗ?" ಎಂದ ಅಂಗಡಿಯವನು, ತಮ್ಮನನ್ನು ಬೈದಷ್ಟು ನೋವಿನಿಂದ.

"ಏನೂ ಮಾಡಿಲ್ಲ, ಅದ ತಕರಾರು. ಬರೇ ನಿಂದರತಾನ. ಬಸ್ಸಿಲ್ಲದ ಊರಿಗೂ ನಮಗಿಂತ ಮೊದಲ ಹೋಗಿ ನಿಂತಿರತಾನ. ಪಾತಾಳಕ್ಕ ಹ್ಯಾಂಗ ಹೋದ? ಯಾರ ಕಳಿಸಿದ್ರು? ಹೊಸ ಜಾಗಾಕ್ಕ ಹೋದ್ರ ಹೊಸಾದು ಏನರೆ ಕಾಣಬೇಕಲ್ಲ? ಇವನ ಮಾರಿ ನೋಡಿದ ಕೂಡಲೆ ನನಗ ನಮ್ಮ ಓಣಿ ನೆನಪಾಗತೈತಿ."

ಅವನ ಮಾತು ನೂರಕ್ಕೆ ನೂರು ಖರೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ಸಿಟ್ಟು ನೆತ್ತಿಗೇರಿತು. ಪಹರೆಯವನು ಹೋದರೆ ಆ ಜಾಗಕ್ಕೆ ರಾಜ ಬರುತ್ತಾನೆ, ಕತ್ತಿ ಹಿಡಿಯುತ್ತಾನೆ. ರಾಣಿ ಬರುತ್ತಾಳೆ, ಹೂ ಹಿಡಿಯುತ್ತಾಳೆ. ಡ್ರಾಯಿಂಗ್ ಮಾಸ್ತರನ ಬಂಡವಾಳ ಎರಡು ವಾರದಲ್ಲಿ ಊರ ತುಂಬ ಹಬ್ಬುತ್ತದೆ. ನಾನು ಎದ್ದು ನಿಂತು ಭಾಷಣ ಹೊಡೆದೆ. ದೊಡ್ಡಾಟದಲ್ಲಿ ಆಟ ನಡೆಸಿಕೊಡುವ ಸಾರಥಿ ಪ್ರತಿ ಆಟಕ್ಕೂ ಬರುವುದಿಲ್ಲವೇ, ಅವನನ್ನು ಯಾರಾದರೂ ಮನೆಗೆ ಕಳಿಸಿದ್ದಾರೆಯೇ ಎಂದೆ. ಪರಂಪರೆ ಎಂದೆ. ಗುರುತಿನ ಮುಖ ಎಂದೆ. ಪರಿಚಿತನೊಬ್ಬ ಇದ್ದರೇ ಅಪರಿಚಿತ ಜಾಗಕ್ಕೆ ಹೋಗಲು ಧೈರ್ಯ ಬರುವುದು ಎಂದೆ. ಕೊನೆಗೆ, "ಅಣ್ಣಿಗೇರಿ ಗುಡಿಗೆ ಹೋಗಿ ನೋಡ್ರಿ. ಬಾಗಿಲ ಬಾಗಿಲಿಗೆ ದ್ವಾರಪಾಲಕರು ಅದಾರ. ಎಲ್ಲಾ ಒಂದ ನಮೂನಿ. ಬ್ಯಾಸರಾತು ಅಂತ ಯಾರರೆ ಅವರನ್ನ ಕಿತ್ತು ಒಗದಾರೇನು?" ಎಂದೆ.

"ಅವರಿಗೆ ನಾಕ ನಾಕ ಕೈ ಇರತಾವಲ್ರಿ ಮಾಸ್ತರ," ಎಂದ ಕಂಪೌಂಡರ್. "ನಮ್ಮವಗ ಒಂದೂ ಕಾಣವೊಲ್ದು."

ನಾನು ಗಡಬಡಿಸಿ ಚಿತ್ರವನ್ನು ಸುರುಳಿ ಸುತ್ತತೊಡಗಿದೆ. ಆದರೆ ಅಂಗಡಿಯವನು ನಡುವೆ ಬಿದ್ದು, ಪಹರೆಯವನಿಲ್ಲದ ಊರಿಗೆ ತನ್ನ ಸಾಧು ಕಾಲಿಡುವುದಿಲ್ಲ ಎಂದು ಹಟ ಹಿಡಿದ. ಸಾಧು ಬರದಿದ್ದರೆ ಚಹಾದ ಸಕ್ಕರೆಯೂ ಬರುವುದಿಲ್ಲ. ಗುಮಾಸ್ತ ಕವಡೆ ಹೊರತೆಗೆದ. ಪಹರೆಯವ ಉಳಿದ. ನಾನು ಗೆದ್ದ ಪೈಲವಾನನ ಠೀವಿಯಲ್ಲಿ ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಆ ವಾರವೇ ಶಾಲೆಯಲ್ಲಿ ತಾಲೂಕಿನ ಪ್ರದರ್ಶನಕ್ಕೆ ಚಿತ್ರ ಆರಿಸುವ ಕೆಲಸವಿತ್ತು. ಎಂಟನೆಯ ಇಯತ್ತೆಯ ಮಕ್ಕಳಿಗೆ 'ಹತ್ತಿ ಬಿಡಿಸುವುದು' ಎಂಬ ವಿಷಯ ಕೊಟ್ಟಿದ್ದೆ. ಊರ ಮಕ್ಕಳಿಗೆ ಅದಕ್ಕಿಂತ ಚೆನ್ನಾಗಿ ಗೊತ್ತಿದ್ದ ಕೆಲಸ ಯಾವುದಿದೆ? ಸುಗ್ಗಿಯಲ್ಲಿ ಅರ್ಧ ಇಯತ್ತೆ ಹೊಲದಲ್ಲಿಯೇ ಇರುತ್ತಿತ್ತು. ಹೆಡ್ಮಾಸ್ತರರು ನನ್ನ ಮೇಜಿನ ಮೇಲಿದ್ದ ಕಾಗದಗಳನ್ನು ಒಂದೊಂದಾಗಿ ನೋಡುತ್ತ ಹೋದರು, ನೋಡುತ್ತ ನೋಡುತ್ತ ಕನ್ನಡಕ ತೆಗೆದು ಒರೆಸಿಕೊಂಡರು.

"ಅಲ್ರಿ ಮಾಸ್ತರ, ಎಲ್ಲಾ ಹೆಣ್ಣುಮಕ್ಕಳೂ ಕೈ ಹಿಂದ ಕಟ್ಕೊಂಡು ನಿಂತಾರಲ್ರಿ. ಹತ್ತಿ ತಾನ ಹಾರಿ ಹೋಗಿ ಗಂಟಿನ್ಯಾಗ ಕುಂತೈತೇನು?"

ಅವರು ನಗುತ್ತ ತಮ್ಮ ಪಾಠದ ತಾಸು ತೆಗೆದುಕೊಳ್ಳಲು ಹೋದರು. ನಾನು ಕಾಗದಗಳನ್ನು ಹತ್ತಿರ ಎಳೆದುಕೊಂಡೆ. ಹೌದು, ಪ್ರತಿ ಚಿತ್ರದಲ್ಲಿಯೂ ಹತ್ತಿಯ ಸಾಲು, ಸಾಲಿನ ನಡುವೆ ಹೆಂಗಸರು, ಮೊಳಕಾಲತನಕ ಬೆಳೆ, ಎಲ್ಲರ ಕೈಗಳೂ ಬೆನ್ನ ಹಿಂದೆ. ಪಕ್ಕದಲ್ಲಿ ತುಂಬಿದ ಹತ್ತಿಯ ಗಂಟು. ಮನುಷ್ಯರನ್ನು ಹೇಗೆ ನಿಲ್ಲಿಸಬೇಕೆಂದು ಬೋರ್ಡಿನ ಮೇಲೆ ನಾನೇ ತೋರಿಸಿಕೊಟ್ಟಿದ್ದೆ. ಎಂಟು ವರ್ಷದಿಂದ ಹಾಗೆಯೇ ತೋರಿಸುತ್ತಿದ್ದೆ. ನನ್ನ ಪಹರೆಯವನು ಸೀರೆ ಉಟ್ಟು ಕುಂದಗೋಳ ಸೀಮೆಯ ಹೊಲಗಳಿಗೆಲ್ಲ ಇಳಿದಿದ್ದ.

ಮೊದಲು ನನಗೆ ನಗು ಬಂತು. ಆಮೇಲೆ ಒಂದು ಕಾಗದದ ಮುಂದೆ ನಗು ನಿಂತುಹೋಯಿತು. ಸುಗ್ಗಿಯಲ್ಲಿ ತಾಯಿಯ ಜೊತೆ ಕೂಲಿಗೆ ಹೋಗುವ ಒಬ್ಬ ಹುಡುಗಿಯದು ಅದು. ಹೆಂಗಸಿನ ಎದೆಯ ಮುಂದೆ ಕಾಗದ ಸವೆದು ನಾರೆದ್ದಿತ್ತು. ಕಿಟಕಿಯ ಬೆಳಕಿಗೆ ಹಿಡಿದೆ. ಅಳಿಸಿದ ಗೆರೆಗಳ ಗುರುತು ಕಂಡಿತು. ಎರಡು ಕೈಗಳು ಮುಂದೆ ಚಾಚಿದ್ದವು. ಒಂದು ಕೈ ಟೊಂಗೆಯನ್ನು ಬಗ್ಗಿಸಿ ಹಿಡಿದಿತ್ತು, ಇನ್ನೊಂದರ ಮೂರು ಬೆರಳು ಒಡೆದ ಕಾಯಿಯೊಳಗೆ ಇಳಿದಿದ್ದವು. ಬೆರಳು ತುಸು ಉದ್ದವಾಗಿದ್ದವು, ಹೆಬ್ಬೆರಳು ಜಾಗ ತಪ್ಪಿತ್ತು. ಆದರೂ ಅವು ಹತ್ತಿ ಬಿಡಿಸುತ್ತಿದ್ದವು.

ಅಳಿಸಿದವನು ನಾನೇ. ಅವಳ ಹಿಂದೆ ನಿಂತು, "ಹಿಂಗ ಅಲ್ಲವಾ, ಇದು ತಪ್ಪು" ಎಂದು ರಬ್ಬರಿನಿಂದ ತಿಕ್ಕಿ, ಹೆಂಗಸಿನ ಕೈಗಳನ್ನು ಹಿಂದಕ್ಕೆ ಕಟ್ಟಿಸಿದ್ದೆ. ಅವಳು ಎದುರು ಮಾತಾಡಲಿಲ್ಲ. ಮಾಸ್ತರನಿಗೆ ಯಾರು ಎದುರಾಡುತ್ತಾರೆ? ನನಗೆ ಬಾರದ್ದನ್ನು ಮುಚ್ಚಲು ಅವಳಿಗೆ ಬಂದದ್ದನ್ನು ಅಳಿಸಿದ್ದೆ. ನನಗೆ ವಿಪರೀತ ನಾಚಿಕೆಯಾಯಿತು. ಆ ದಿನ ಮನೆಯಲ್ಲಿ ಹೆಂಡತಿ ಏನಾಯಿತೆಂದು ಕೇಳಿದರೆ ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದು ಸುಳ್ಳು ಹೇಳಿ ಬೈಸಿಕೊಂಡೆ.

ರವಿವಾರ ಚಿತ್ರವಿಲ್ಲದೆ ಹೋದೆ. "ಪಾರೇದಾವನ್ನ ಇನ್ನ ಬಿಟ್ಟು ಬಿಡೂಣು" ಎಂದೆ.

ಗುಮಾಸ್ತನಿಗೆ ಖುಷಿಯಾಗಬೇಕಿತ್ತು. ಅವನು ಸಂಶಯದಿಂದ ನೋಡಿದ. "ಹೋದ ವಾರ ಅಣ್ಣಿಗೇರಿ ಗುಡೀತನಕಾ ಹೋಗಿ ಬಂದಿದ್ರಿ. ಈಗೇನಾತು?"

"ನನಗ ಚಿತ್ರದಾಗ ಕೈ ತಗಿಯಾಕ ಬರಂಗಿಲ್ಲ," ಎಂದೆ. "ಕಾಲೂ ಬರಂಗಿಲ್ಲ. ಕುದುರಿ ಅಂತೂ ಕೇಳಬ್ಯಾಡ್ರಿ."

ಅಂಗಡಿಯವನು ನಗಲು ಶುರು ಮಾಡಿದ. ಅವನ ಹಿಂದೆ ಗುಮಾಸ್ತ. ಇಬ್ಬರೂ ಎಷ್ಟು ಹೊತ್ತು ನಕ್ಕರೆಂದರೆ ಕೊನೆಕೊನೆಗೆ ನನಗೆ ಮತ್ತೆ ಸಿಟ್ಟು ಬಂತು. ಕಂಪೌಂಡರ್ ಮಾತ್ರ ನಗಲಿಲ್ಲ. ಗಂಟಲು ಸರಿಮಾಡಿಕೊಂಡು, "ಹೊರಗ ಹೇಳಬ್ಯಾಡ್ರಿ ಮತ್ತ. ನನಗ ಎಮ್ಮಿ ಅಂದ್ರ ಅಂಜಿಕಿ. ಸೂಜಿ ಹಾಕೂ ಮುಂದ ಕಣ್ಣು ಮುಚ್ಚತೀನಿ" ಎಂದ. ದನದ ದವಾಖಾನೆಯಲ್ಲಿ ಹನ್ನೊಂದು ವರ್ಷ ಸರ್ವಿಸ್ ಮಾಡಿದ ಮನುಷ್ಯ!

ಪಹರೆಯವನನ್ನು ಮರ್ಯಾದೆಯಿಂದಲೇ ಕಳಿಸಿದೆವು. ಅವನಿಗೆ ಐವತ್ತೆಂಟು ತುಂಬಿತೆಂದು ಗುಮಾಸ್ತ ಆಟದೊಳಗೇ ಸಾರಿದ. ಬಿಲ್ಲುಗಾರ ಹಾರ ಹಾಕಿದ. ಸಾಧು ಆಶೀರ್ವಾದ ಮಾಡಿ, ದಾರಿಗೆಂದು ರಾಕ್ಷಸನ ತುಪ್ಪದ ಕೊಡ ಕೊಟ್ಟ. ಕೊಡುವಾಗ ಅವನ ದನಿ ತುಸು ಒಡೆಯಿತು, ಆದರೆ ಅದನ್ನು ಅವನು ಈಗಲೂ ಒಪ್ಪುವುದಿಲ್ಲ.

ಮರುದಿನ ಎಂಟನೆಯ ಇಯತ್ತೆಗೆ ಹೋದೆ. ಮುಂದಿನ ಮಾತು ಸ್ನೇಹಿತರ ಎದುರು ಆಡಿದಷ್ಟು ಸುಲಭವಾಗಿರಲಿಲ್ಲ. ಆ ಹುಡುಗಿಯ ಕಾಗದವನ್ನು ಅವಳ ಮುಂದಿಟ್ಟೆ. ಇಡೀ ವರ್ಗ ನನ್ನನ್ನೇ ನೋಡುತ್ತಿತ್ತು.

"ನೀ ತಗದದ್ದು ಬರೋಬರಿ ಇತ್ತವಾ. ನನಗ ಕೈ ತಗಿಯಾಕ ಬರಂಗಿಲ್ಲ, ಅದಕ್ಕ ಅಳಿಸಿದೆ. ನಂದ ತಪ್ಪು. ಮತ್ತ ತಗಿ, ನಾ ನೋಡಿ ಕಲೀತೀನಿ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು, ಸುಮ್ಮನಾದರು. ಹುಡುಗಿ ಪೆನ್ಸಿಲ್ ಮುಟ್ಟಲಿಲ್ಲ. ಕಾಗದವನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ನನ್ನ ಬಲಗೈಯನ್ನು. ಅದರಲ್ಲಿ, ಅಭ್ಯಾಸಬಲದಿಂದ, ರಬ್ಬರ್ ಇತ್ತು.

"ಸರ, ಮತ್ತ ಅಳಸೂದಿಲ್ಲಲ್ರಿ?"

"ಇಲ್ಲವಾ" ಎಂದು ರಬ್ಬರನ್ನು ಅವಳ ಮುಂದಿಟ್ಟೆ. ನನ್ನ ಮಾತನ್ನು ಅವಳು ಅಷ್ಟಾಗಿ ನಂಬಲಿಲ್ಲ. ರಬ್ಬರನ್ನು ತನ್ನ ಪಾಟಿಚೀಲದ ತಳಕ್ಕೆ ತುರುಕಿ, ಚೀಲವನ್ನು ಕೆಳಗೆ ಹಾಕಿ ಅದರ ಮೇಲೆ ಕೂತು, ಆಮೇಲೆಯೇ ಪೆನ್ಸಿಲ್ ಕೈಗೆ ತೆಗೆದುಕೊಂಡಳು.