ಬೊಟ್ಟಿಟ್ಟ ಗರಗಸ

ನನ್ನ ಅಕ್ಕನ ಗಂಡ ದುಬಾಯಿಯ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದವರು. ಎಂಬತ್ತರ ದಶಕದ ಒಂದು ರಜೆಯಲ್ಲಿ ಬರುವಾಗ ಬಡಗಿ ಕೆಲಸದ ಅಪ್ಪನಿಗೂ ನನಗೂ ದುಂಡು ಬ್ಲೇಡಿನ ಕರೆಂಟಿನ ಗರಗಸ ತಂದುಕೊಟ್ಟರು. ಅಂದಿನಿಂದ ಮರಗೆಲಸದಲ್ಲಿ ಅವರಿಗೆ ತಿಳಿಯದ್ದು ಏನೂ ಉಳಿಯಲಿಲ್ಲ. ಕಾಪುವಿನಲ್ಲಿ ನಲವತ್ತು ವರ್ಷ ಆಚಾರಿಯಾಗಿದ್ದ ನನ್ನ ಅಪ್ಪನಿಗೇ ಉಳಿ ಹಿಡಿಯುವುದನ್ನು ಕಲಿಸಲು ಹೊರಟರು, ಪುಣ್ಯಾತ್ಮ.

ಭಾವನದೇ ಹೊಸ ಮನೆಗೆ ದಾರಂದ ಇಡುವ ಮುಹೂರ್ತ ಬಂತು. ಮುಂಬಾಗಿಲಿನ ಚೌಕಟ್ಟು ಬೆಳಿಗ್ಗೆ ಎಂಟಕ್ಕೆ ನಿಲ್ಲಲೇಬೇಕು. ಹಿಂದಿನ ದಿನ ಗರಗಸ ಕೈಕೊಟ್ಟಿತು. ಮೋಟಾರು ಭರ್ರೆಂದು ತಿರುಗುತ್ತದೆ, ಹಲಸಿನ ಮರ ಮಾತ್ರ ತುಂಡಾಗದೆ ಕಪ್ಪಾಗಿ ಹೊಗೆಯಾಡುತ್ತದೆ.

"ಇಲ್ಲಿಯ ವೋಲ್ಟೇಜ್ ಸಾಲದು ಮಾರಾಯ. ಅಲ್ಲಿ ಎಂತ ಕರೆಂಟ್ ಉಂಟು ಗೊತ್ತುಂಟಾ?" ಎಂದರು ಭಾವ.

"ಸ್ವಲ್ಪ ಕರೆಂಟನ್ನೂ ಪೆಟ್ಟಿಗೆಯಲ್ಲಿ ತರಬಹುದಿತ್ತಲ್ವಾ?" ಎಂದೆ.

ನಾನೇನು ಕಡಿಮೆಯೇ? ಬಸ್ಸು ಹತ್ತಿ ಉಡುಪಿಗೆ ಹೋಗಿ ಮೋಟಾರಿಗೆ ಹೊಸ ಕಾರ್ಬನ್ ಬ್ರಷ್ ತಂದು ಹಾಕಿದೆ. ಊಹೂಂ. ಹಲ್ಲು ಮೊಂಡಾಗಿರಬೇಕೆಂದು ಪ್ಲಗ್ ಕಿತ್ತು ಅರ ಹಿಡಿದು ಕೂತಾಗ ಕಂಡಿತು: ಹಲ್ಲುಗಳೆಲ್ಲ ಹಿಂದಕ್ಕೆ ಬಾಗಿವೆ. ಬ್ಲೇಡೇ ತಿರುಗುಮುರುಗು!

ವಾರದ ಹಿಂದೆ ಆಯುಧಪೂಜೆಗೆ ಅಪ್ಪ ಅದನ್ನು ಬಿಚ್ಚಿ ತೊಳೆದಿದ್ದರು. ಬ್ಲೇಡಿನ ಮೇಲಿನ ವಿದೇಶದ ಅಕ್ಷರ ಮುಚ್ಚಿಹೋಗಬಾರದೆಂದು ಗಂಧ, ಕುಂಕುಮವನ್ನು ಹಿಂಬದಿಗೆ ಹಚ್ಚಿದ್ದರು. ಮರಳಿ ಜೋಡಿಸುವಾಗ ಬೊಟ್ಟು ಒಳಗೆ ಅಡಗಿದರೆ ಅಪಚಾರವೆಂದು ಆ ಮುಖವನ್ನೇ ಹೊರಗೆ ಮಾಡಿ ಬಿಗಿದಿದ್ದರು.

ಸುಮ್ಮನೆ ತಿರುಗಿಸಿ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಭಾವ ಇದ್ದರು, ಕೆಲಸದವರಿದ್ದರು, ನನ್ನ ನಾಲಗೆ ತುರಿಸಿತು.

"ಅಪ್ಪ, ಬೊಟ್ಟಿಟ್ಟದ್ದು ಸರಿ. ಬೆನ್ನಿನಿಂದ ಕಚ್ಚು ಎಂದರೆ ಅದಾದರೂ ಎಂತ ಮಾಡುವುದು?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ಹೆಗಲ ಬೈರಾಸಿನಿಂದ ಕೈ ಒರೆಸಿಕೊಂಡು ಮನೆಗೆ ನಡೆದರು.

ಬ್ಲೇಡು ಸರಿ ಮಾಡಿದ ಮೇಲೆ ಮರ ಸಲೀಸಾಗಿ ತುಂಡಾಯಿತು. ಸಂಜೆಯೊಳಗೆ ಚೌಕಟ್ಟು ಸಿದ್ಧ. ಮರುದಿನ ಹೇಳಿದ ಹೊತ್ತಿಗೆ ನಿಂತಿತು ಕೂಡ. ಅಪ್ಪ ಕಾಲುನೋವೆಂದು ಬರಲಿಲ್ಲ.

ದಾರಂದ ನಿಂತ ಮೇಲೆ ಹಿರಿಯ ಆಚಾರಿಗೆ ವೀಳ್ಯ, ಹೊಸ ಪಂಚೆ ಕೊಡುವುದು ನಮ್ಮಲ್ಲಿ ಕ್ರಮ. ಭಾವ ಅದನ್ನು ನನ್ನ ಕೈಗಿಟ್ಟರು. ನನ್ನ ಬಾಯಿಗೆ ಮಣ್ಣು ಹಾಕ, ಹತ್ತು ಜನರೆದುರು ತೆಗೆದುಕೊಂಡೂಬಿಟ್ಟೆ. ಮನೆಗೆ ತಂದು ಅಪ್ಪನ ಮುಂದಿಟ್ಟೆ.

ಅಪ್ಪ ಪಂಚೆಯ ಅಂಚು ಮುಟ್ಟಿ ನೋಡಿದರು. "ಒಳ್ಳೆಯದುಂಟು," ಎಂದರು. "ನಿನಗೆ ಕೊಟ್ಟದ್ದು. ನೀನೇ ಉಡು."