ಬ್ಯಾಸಿನ ತಲೆ ಯಾರ ತಟ್ಟೆಗೆ

ಆಗ ನನಗೆ ಐವತ್ತೊಂದು. ಅದಾಗಿ ಇಪ್ಪತ್ತೈದು ವರ್ಷ ಕಳೆದಿದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಚೆಂದ ಮಾಡಿ ಬರೆಯಲು ಬರುವುದಿಲ್ಲ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನನ್ನ ಗಂಡ ಹಡಗಿನಲ್ಲಿ ಅಡುಗೆಯವರಾಗಿ ಬಂದು ಲಂಡನ್ನಿನಲ್ಲೇ ನಿಂತವರು. ಪ್ಲಮ್‌ಸ್ಟೆಡ್‌ನಲ್ಲಿ ಕೌನ್ಸಿಲ್ ಕೊಟ್ಟ ಫ್ಲ್ಯಾಟು. ನಾನು ಬೆಳಗಿನ ಜಾವ ಕ್ಯಾನರಿ ವಾರ್ಫಿನ ಆಫೀಸುಗಳಲ್ಲಿ ಗುಡಿಸಿ ಒರೆಸುತ್ತಿದ್ದೆ. ಬೇಸಿಗೆಯ ಭಾನುವಾರಗಳಲ್ಲಿ ಇಬ್ಬರೂ ಬಸ್ಸು ಹಿಡಿದು ಈರಿತ್‌ಗೆ ಹೋಗುತ್ತಿದ್ದೆವು. ಅಲ್ಲಿ ಥೇಮ್ಸ್ ನದಿಯೊಳಕ್ಕೆ ಚಾಚಿದ ಉದ್ದದ ಕಟ್ಟೆಯಿದೆ, ಸಮುದ್ರದ ಉಬ್ಬರ ಅಲ್ಲಿಯವರೆಗೂ ಬರುತ್ತದೆ. ಗಾಳ ಹಾಕುವುದು ಅವರು. ಬಕೆಟ್ಟು ಕವುಚಿ ಅದರ ಮೇಲೆ ಕೂತು, ಗಾಳಕ್ಕೆ ಬಂಗುಡೆ ಕೊಯ್ದು ಕೊಡುವುದು ನಾನು.

ನಮ್ಮದು ಕುಂದಾಪುರದ ಕಡಲತಡಿ, ನಾನೂ ಮದುವೆಗೆ ಮುಂಚೆ ಅಮ್ಮನ ಜೊತೆ ಮೀನು ಮಾರಿದವಳು. ನಮ್ಮ ಮನೆಗಳಲ್ಲಿ ಎರಡು ಕಟ್ಟಳೆ ಇದ್ದವು. ಹೆಂಗಸು ಬಲೆಯನ್ನಾಗಲಿ ಗಾಳದ ಕೋಲನ್ನಾಗಲಿ ದಾಟಬಾರದು, ದಾಟಿದರೆ ಅದಕ್ಕೆ ಮತ್ತೆ ಮೀನು ಬೀಳುವುದಿಲ್ಲ. ಇನ್ನೊಂದು, ಮೀನಿನ ತಲೆ ಅದನ್ನು ಹಿಡಿದವನ ತಟ್ಟೆಗೆ. ನನ್ನ ಅಮ್ಮ ಬದುಕಿಡೀ ಮೀನು ಬುಟ್ಟಿ ಹೊತ್ತಳು, ಒಂದು ದಿನವೂ ದೊಡ್ಡ ಮೀನಿನ ತಲೆ ತಿಂದವಳಲ್ಲ. ನನ್ನ ಗಂಡ ಈ ಎರಡನ್ನೂ ಲಂಡನ್ನಿಗೆ ತಂದಿದ್ದರು. ಕೋಲು ನೆಲದ ಮೇಲಿದ್ದರೆ, "ಏ, ದಾಟ್ಬೇಡ, ಸುತ್ತು ಹಾಕಿ ಬಾ" ಎನ್ನುತ್ತಿದ್ದರು. ನಾನೂ ಸುತ್ತು ಹಾಕುತ್ತಿದ್ದೆ.

ಆ ಭಾನುವಾರ ಬ್ಯಾಸ್ ಮೀನಿನ ಹಿಂಡು ಬಂದಿತ್ತು. ಬೆಳ್ಳಿ ಬಣ್ಣ, ಬೆನ್ನಿಗೆ ಮುಳ್ಳು. ಬೇಸಿಗೆಯಲ್ಲಿ ಅವು ಹಿಂಡುಗಟ್ಟಿ ಮರಿಮೀನುಗಳನ್ನು ಮೇಲಕ್ಕೆ ಅಟ್ಟುತ್ತವೆ. ನೀರು ಅನ್ನದ ಎಸರಿನ ಹಾಗೆ ಕುದಿಯುತ್ತಿತ್ತು, ಮೇಲೆ ಹಕ್ಕಿಗಳ ಗಲಾಟೆ. ನಮ್ಮವರು ಗಾಳಕ್ಕೆ ಹೊಳೆಯುವ ತಗಡಿನ ಹುಸಿಮೀನು ಕಟ್ಟಿ ಆ ಕುದಿಯ ನಡುವಿಗೇ ಎಸೆಯುತ್ತಿದ್ದರು. ಎಸೆದಷ್ಟೂ ಬಿದ್ದವು, ಎಲ್ಲ ಗೇಣುದ್ದದವು. ಅಲ್ಲಿಯ ಕಾನೂನಿನ ಅಳತೆಗೆ ಕಡಿಮೆಯಿದ್ದರೆ ನೀರಿಗೇ ಬಿಡಬೇಕು. ಸಂಜೆ ಊಟಕ್ಕೆ ಜನರನ್ನು ಕರೆದಿದ್ದರು, "ನಾನೇ ಹಿಡಿದ ಮೀನು" ಎಂದು ಅವರಿಗೆ ಮೊದಲೇ ಹೇಳಿಕೊಂಡಿದ್ದರು.

ನನ್ನ ಅಪ್ಪ ಹೇಳುತ್ತಿದ್ದ, "ಮೇಲೆ ಕುಣಿಯೂದೆಲ್ಲ ಮಕ್ಳ್. ಯಜಮಾನ ಅಡಿಯಂಗ್ ಇಪ್ಪುದ್." ಹಿಂಡಿನ ಸಣ್ಣವು ಮೇಲೆ ಬಡಿದಾಡಿ ಕಚ್ಚಿ ಬಿಟ್ಟದ್ದು ಕೆಳಗೆ ಇಳಿಯುತ್ತದೆ. ದೊಡ್ಡದು ದಣಿಯದೆ ಅಡಿಯಲ್ಲಿ ಬಾಯಿ ತೆರೆದು ನಿಂತಿರುತ್ತದೆ.

"ಹ್ವಾಯ್, ಗಾಳ ನೀರಿನಡಿಗೆ ಬಿಟ್ಟು ಕಾಣಿ" ಎಂದೆ.

"ನೀನು ಮೀನು ಮಾರಿದವಳು, ಹಿಡಿದವಳಲ್ಲ. ಕೊಯ್ಯೂದನ್ನ ಕೊಯ್ಯಿ" ಎಂದು ಚಾ ತರಲು ಹೋದರು.

ಇನ್ನೊಂದು ಕೋಲು ಕಟ್ಟೆಯಂಚಿನ ಕಬ್ಬಿಣದ ಕಟಾಂಜನಕ್ಕೆ ಒರಗಿತ್ತು. ಅದರ ಕೊಕ್ಕೆಗೆ ಬಂಗುಡೆಯ ಉದ್ದನೆಯ ಸೀಳು ಚುಚ್ಚಿ, ಸಣ್ಣ ಸೀಸದ ಗುಂಡು ಕಟ್ಟಿ, ಕುದಿಯ ಅಂಚಿಗೆ, ಕಟ್ಟೆಯ ಕಂಬದ ಪಕ್ಕದಲ್ಲಿ ನಿಧಾನಕ್ಕೆ ಇಳಿಯಬಿಟ್ಟೆ. ಸಾಯುವ ಮೀನು ಮುಳುಗುವ ಹಾಗೆ. ಮೀನು ಕಚ್ಚಿ ಎಳೆದಾಗ ನನ್ನ ಹೊಟ್ಟೆ ಕಟಾಂಜನಕ್ಕೆ ಬಡಿಯಿತು. ಪಕ್ಕದಲ್ಲಿ ಗಾಳ ಹಾಕುತ್ತಿದ್ದ ಇಂಗ್ಲಿಷ್ ಮುದುಕ "ಸ್ಟೆಡಿ, ಲವ್, ಸ್ಟೆಡಿ" ಎನ್ನುತ್ತ ಹಗ್ಗಕ್ಕೆ ಕಟ್ಟಿದ ಬಲೆ ಇಳಿಸಿದ. ಮೇಲೆ ಬಂದದ್ದು ನನ್ನ ತೋಳಿನಷ್ಟು ಉದ್ದ. ಎತ್ತುವಾಗ ಬೆನ್ನಮುಳ್ಳು ಅಂಗೈ ಸೀಳಿತು.

ನಮ್ಮವರು ಬಂದು ಚಾ ಕೆಳಗಿಟ್ಟು ಮೀನು ನೋಡಿದರು, ನನ್ನನ್ನು ನೋಡಲಿಲ್ಲ.

"ಕೊಡು ಇಲ್ಲಿ. ನಿನ್ನ ಕೈಯಲ್ಲಿ ರಕ್ತ, ಫೋಟೋ ಚೆಂದ ಬರೂದಿಲ್ಲ."

ಕ್ಯಾಮೆರಾವನ್ನು ಮುದುಕನ ಕೈಗೆ ಕೊಟ್ಟರು. ಮುದುಕ ನನ್ನ ಕಡೆ ಬೆರಳು ತೋರಿಸಿ ಏನೋ ಹೇಳಿದ, ಅವರು ಕೇಳದವರ ಹಾಗೆ ಎದೆಯುಬ್ಬಿಸಿ ನಿಂತರು. ಆ ಫೋಟೋ ಈಗಲೂ ಇದೆ. ನಾನು ಅದರಲ್ಲಿಲ್ಲ, ನಾನು ಕೂತಿದ್ದ ಬಕೆಟ್ಟು ಇದೆ.

ಸಂಜೆ ಹುಳಿ ಅರೆದು ಸಾರು ಮಾಡಿದೆ. ಮೆಣಸು ಹುಣಸೆ ಅಂಗೈಯ ಗಾಯಕ್ಕೆ ಇಳಿಯಿತು. ತಲೆಯನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿದೆ. ಅದು ನನ್ನ ತಟ್ಟೆಗೆ ಬರಬೇಕು ಎಂದುಕೊಂಡಿದ್ದೆ, ಸುಳ್ಳೇಕೆ.

ಊಟಕ್ಕೆ ಬಂದವರು ಬೆಂಗಳೂರಿನ ಗಂಡಹೆಂಡಿರು, ಯುಗಾದಿ ಕೂಟದಲ್ಲಿ ಪರಿಚಯವಾದವರು. ಆತನದು ಕ್ಯಾನರಿ ವಾರ್ಫಿನಲ್ಲಿ ಕಂಪ್ಯೂಟರ್ ಕೆಲಸ. ಅವನ ಮೇಜು ಒರೆಸಿದವಳು ನಾನೇ ಇದ್ದರೂ ಇರಬಹುದು.

"ಅಂಕಲ್, ನಿಜ ಹೇಳಿ, ಇದು ಮಾರ್ಕೆಟ್ ಮೀನಲ್ಲ ತಾನೇ?" ಎಂದ ಆತ.

"ಕಡಲಲ್ಲಿ ಹುಟ್ಟಿದವ ನಾನು. ಮೇಲೆ ಕುಣಿಯೋದೆಲ್ಲ ಮಕ್ಕಳು, ಯಜಮಾನ ಕೆಳಗಿರ್ತಾನೆ. ಅಷ್ಟು ಗೊತ್ತಿದ್ರೆ ಸಾಕು" ಎಂದರು ನಮ್ಮವರು.

ಮೀನು ಹೋದರೆ ಹೋಗಲಿ, ನನ್ನ ಅಪ್ಪನ ಮಾತೂ ಹೋಯಿತು. ಸೌಟು ಹಿಡಿದುಕೊಂಡೇ ಹೇಳಿದೆ, "ಹಿಡಿದದ್ದು ನಾನು."

ನಮ್ಮವರು ಅಂಥದ್ದರಲ್ಲಿ ಜಾಣರು. "ಹೌದು ಮಾರಾಯ, ಇವಳೇ ಹಿಡಿದದ್ದು. ನಾನು ಆಗ ಚಾ ತರ್ಲಿಕ್ಕೆ ಹೋಗಿದ್ದೆ" ಎಂದು ಆತನಿಗೆ ಕಣ್ಣು ಹೊಡೆದರು.

ಇಬ್ಬರೂ ಬಿದ್ದು ಬಿದ್ದು ನಕ್ಕರು. "ಆಂಟಿ, ನೀವು ಬಿಡಿ, ಸೂಪರ್" ಎಂದಳು ಆಕೆ. ನಿಜವನ್ನೇ ಹೇಳಿ ಅದನ್ನು ತಮಾಷೆ ಮಾಡಿಬಿಟ್ಟರೆ ಮತ್ತೆ ಏನು ಹೇಳುವುದು?

ನಮ್ಮವರು ತಟ್ಟೆ ಮುಂದೆ ಸರಿಸಿದರು. "ತಲೆ ಹಾಕು."

ಹಾಕಿದೆ. ಅವರು ಮೊದಲು ಕಣ್ಣನ್ನು ಹೀರಿದರು, ಆಮೇಲೆ ಕೆನ್ನೆ ಬಿಡಿಸಿದರು. ನಾನು ಬಾಲದ ತುಂಡು ತಿಂದು ಪಾತ್ರೆ ತೊಳೆದೆ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ, ಬಾಗಿಲ ಹಿಂದಿದ್ದ ಎರಡೂ ಕೋಲುಗಳನ್ನು ತಂದು ಓಡಾಡುವ ನಡೆಯಲ್ಲಿ ಅಡ್ಡ ಮಲಗಿಸಿದೆ. ಸೀರೆ ಎತ್ತಿ ಹಿಡಿದು ಈಚೆಯಿಂದ ಆಚೆ ದಾಟಿದೆ, ಆಚೆಯಿಂದ ಈಚೆ ದಾಟಿದೆ. ಸದ್ದಿಗೆ ಅವರು ಲುಂಗಿ ಕಟ್ಟಿಕೊಳ್ಳುತ್ತ ಬಂದು ನಿಂತರು.

"ಎಂತ ಮಾಡ್ತಾ ಇದ್ದೀ?"

"ದಾಟ್ತಾ ಇದ್ದೇನೆ."

"ಇನ್ನು ಅದಕ್ಕೆ ಮೀನು ಬೀಳ್ತದಾ?"

"ನಿನ್ನೆ ಬಿದ್ದದ್ದೂ ನಿಮಗಲ್ಲ" ಎಂದೆ. ಇನ್ನೊಂದು ಸಲ ದಾಟಿ, ಬಾಗಿಲು ಎಳೆದುಕೊಂಡು ಬಸ್ಸಿಗೆ ಹೋದೆ.