ಹೊಸ ಜಾಲರಿ ಹಾಕಿದ ವಾರ

ದೋಹಾದಿಂದ ದಕ್ಷಿಣಕ್ಕೆ, ವಕ್ರಾ ದಾಟಿದ ಮೇಲೆ ಸಿಗುತ್ತಿದ್ದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ನಾನು ಫಿಟ್ಟರ್ ಆಗಿದ್ದೆ. ಅಲ್ಲಿನ ಆಸಿಡ್ ಘಟಕದ ಜಾಲರಿ ಬದಲಿಸುವುದು ನನ್ನ ಕೆಲಸ. ಪ್ಲಾಟಿನಂ ಎಳೆಗಳಿಂದ ನೇಯ್ದ, ಸೀರೆಯ ಸೆರಗಿಗಿಂತ ತೆಳುವಾದ ಬಲೆ ಅದು. ಅಮೋನಿಯಾ ಅದರ ಮೂಲಕ ಉರಿದು ಹಾದರೆ ಮಾತ್ರ ಮುಂದೆ ಆಸಿಡ್ ಆಗುತ್ತದೆ. ಹಾಸುವಾಗ ಎಲ್ಲಾದರೂ ಸುಕ್ಕು ಬಿತ್ತೋ, ಅಲ್ಲೇ ಹರಿಯಿತು. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಮಲ್ಪೆಯಲ್ಲಿ ಮೀನಿನ ಬಲೆ ಹೊಲಿದ ಕೈ ನನ್ನದು. ಬಲೆ ಹರಡುವುದನ್ನು ನನಗೆ ಯಾರೂ ಕತಾರಿನಲ್ಲಿ ಕಲಿಸಬೇಕಾಗಿರಲಿಲ್ಲ. ಡಿಗ್ರಿ ಇದ್ದವರೂ ಜಾಲರಿ ಬದಲಿಸುವ ದಿನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಜಾಲರಿ ಹಳತಾದಂತೆ ಚಿಮಣಿ ಇನ್ನೊಂದು ಅನಿಲವನ್ನು ಹೆಚ್ಚೆಚ್ಚು ಉಗುಳುತ್ತದೆ. ನೈಟ್ರಸ್ ಆಕ್ಸೈಡ್. ಹಲ್ಲಿನ ಡಾಕ್ಟರು ನೋವು ಮರೆಸಲು ಮೂಗಿಗೆ ಹಿಡಿಯುವ ನಗೆಯನಿಲ. ಆಸಿಡ್ಡಿನ ಕಂದು ಹೊಗೆ ಬಂದರೆ ಕಾರ್ಖಾನೆಯವರೆಲ್ಲ ಓಡಾಡುತ್ತಿದ್ದರು. ಇದಕ್ಕೆ ಬಣ್ಣವಿಲ್ಲವಾದ್ದರಿಂದ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವೆ ಇರಬೇಕು, ಯುರೋಪಿನಿಂದ ಒಬ್ಬ ತಜ್ಞ ಅದನ್ನೇ ಅಳೆಯಲು ಬರುತ್ತಾನೆಂದು ಸುದ್ದಿಯಾಯಿತು. ಆ ಅನಿಲ ಮೇಲೆ ಸೇರಿ ಭೂಮಿಯನ್ನೇ ಬಿಸಿ ಮಾಡುತ್ತದಂತೆ. ಶ್ರೀಮಂತ ದೇಶಗಳ ಕಾರ್ಖಾನೆಗಳು ಎಷ್ಟು ಬಿಡುತ್ತವೆ, ಬಡ ದೇಶಗಳವು ಎಷ್ಟು ಬಿಡುತ್ತವೆ ಎಂದು ಹೋಲಿಸಿ ನೋಡುವುದು ಅವನ ಕೆಲಸವಂತೆ. ನಮ್ಮ ಮ್ಯಾನೇಜರ್ ಉಡುಪಿ ಕಡೆಯವರು, ನನ್ನ ಜೊತೆ ಕನ್ನಡದಲ್ಲೇ ಮಾತು. ನಾವು ಯಾವ ಗುಂಪಿನಲ್ಲಿ ಎಂದು ಕೇಳಿದೆ. ಬಡವರದ್ದರಲ್ಲಿ ಎಂದರು. ರಾತ್ರಿ ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ರೂಮಿನಲ್ಲಿ ಇದನ್ನು ಹೇಳಿದಾಗ, ಪಕ್ಕದ ಮಂಚದ ಡ್ರೈವರ್ ಕಂಬಳಿಯೊಳಗಿಂದಲೇ ಹೇಳಿದ: “ಹಾಗಾದ್ರೆ ನಾವು ಒಂದು ಬಡ ದೇಶದಿಂದ ಇನ್ನೊಂದು ಬಡ ದೇಶಕ್ಕೆ ವಿಮಾನ ಹತ್ತಿ ಬಂದದ್ದಾ ಮಾರಾಯ? ಮನೆಯಲ್ಲಿ ಹೇಳ್ಬೇಡ.”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಘಟಕ ಯುರೋಪಿನಲ್ಲೇ ಎಲ್ಲೋ ಮುಚ್ಚಿದ್ದನ್ನು ಬಿಚ್ಚಿ ತಂದು ಜೋಡಿಸಿದ್ದು. ಅದರ ತಗಡಿನ ಮೇಲೆ ಇನ್ನೂ ಅವರದೇ ಭಾಷೆ ಇತ್ತು. ಬಳಸಿ ಬಿಟ್ಟ ಪಾತ್ರೆಯನ್ನು ಮಾರಿದವರೇ ಈಗ ಅದರ ಮಸಿ ಅಳೆಯಲು ಬರುತ್ತಾರೆಂದರೆ ಏನೋ ಇದೆ ಅನಿಸಿತು. ಕಾರ್ಖಾನೆ ಮುಚ್ಚಿಸುತ್ತಾರೋ, ಇನ್ನೊಂದು ಯಂತ್ರ ಮಾರುತ್ತಾರೋ.

ಮುಚ್ಚಿದರೆ ನನ್ನದು ಮುಗಿಯಿತು. ಹೆಂಡತಿ ಮತ್ತು ಮಗಳನ್ನು ಕರೆಸಿಕೊಳ್ಳಲು ಕಾಯುತ್ತಿದ್ದೆ. ನನ್ನಂಥ ಓದಿಲ್ಲದವನಿಗೆ ಫ್ಯಾಮಿಲಿ ವೀಸಾ ಸುಲಭವಲ್ಲ. ಟೆಕ್ನಿಷಿಯನ್ ಎಂದು ಬರೆದು ಮ್ಯಾನೇಜರ್ ಸಹಿ ಹಾಕಬೇಕಿತ್ತು. ಮಗಳು ಫೋಟೋದಲ್ಲಿ ಮಾತ್ರ ನನ್ನನ್ನು ಬಲ್ಲಳು. ಕೇಳಿದಾಗಲೆಲ್ಲ ಮ್ಯಾನೇಜರ್, “ಆ ಮನುಷ್ಯ ಬಂದು ಹೋಗ್ಲಿ,” ಎನ್ನುತ್ತಿದ್ದರು.

ಅವನು ಬರುವ ಮುಂಚಿನ ವಾರ ಜಾಲರಿ ಬದಲಿಸಲು ಹೇಳಿದರು. ಹಳೆಯದಕ್ಕೆ ಇನ್ನೂ ಆಯುಸ್ಸಿತ್ತು. ಬೇರೆ ಸಲ, ಹರಿಯುವವರೆಗೂ ಓಡಿಸಿ ಎಂದು ಬೈಯುವವರು ಇವರೇ. ಯಾಕೆ ಈಗ ಎಂದು ಕೇಳಿದ್ದಕ್ಕೆ, ಯಲ್ಲಾ, ನಡಿ ನಡಿ, ಮೊದಲು ಕೆಲಸ ಎಂದರು. ನಾನು ಹಾಕಿದೆ. ಹೊಗಳಿಕೊಳ್ಳುವುದಲ್ಲ, ಅಷ್ಟು ನಯವಾಗಿ ಆ ಮೊದಲು ಎಂದೂ ಕೂತಿರಲಿಲ್ಲ.

ತಜ್ಞ ಬಂದ. ತೆಳ್ಳಗಿನ ಮನುಷ್ಯ, ಬಿಸಿಲಿಗೆ ಕಿವಿ ಕೆಂಪಾಗಿತ್ತು. ಚಿಮಣಿಯ ತೂತಿಗೆ ನಳಿಗೆ ತೂರಿಸಿ ತನ್ನ ಪೆಟ್ಟಿಗೆಯಲ್ಲಿ ಗಾಳಿ ಎಳೆದ. ಆಮೇಲೆ ಕೆಳಗೆ ಬಂದು, ಉರಿ ನೋಡುವ ಗಾಜಿಗೆ ಕಣ್ಣಿಟ್ಟು ಬಹಳ ಹೊತ್ತು ನಿಂತ. ಜಾಲರಿ ಅಂಚಿನಿಂದ ಅಂಚಿಗೆ ಒಂದೇ ಸಮನೆ ಕೆಂಪಗಿತ್ತು. ಇದು ಎಷ್ಟು ಹಳೆಯದು ಎಂದು ಇಂಗ್ಲಿಷಿನಲ್ಲಿ ಕೇಳಿದ. ಮ್ಯಾನೇಜರ್, ಅರ್ಧ ಆಯುಸ್ಸು ಕಳೆದಿದೆ, ಮಾಮೂಲಿನದು ಎಂದರು.

ಅಷ್ಟು ಇಂಗ್ಲಿಷ್ ನನಗೆ ಬರುತ್ತದೆ. ಅರ್ಧ ಸವೆದ ಜಾಲರಿಯಂತೆ! ನನ್ನ ಕೈಕೆಲಸಕ್ಕೆ ಹಾಗೆ ಹೇಳಿಸಿಕೊಂಡು ಸುಮ್ಮನಿರುವ ಜಾತಿಯವನಲ್ಲ ನಾನು.

“ನೋ ಸರ್,” ಎಂದೆ. “ನ್ಯೂ. ಲಾಸ್ಟ್ ವೀಕ್. ನಾನೇ ಹಾಕಿದ್ದು.” ಎದೆ ಮುಟ್ಟಿ ತೋರಿಸಿದೆ.

ಮಾತು ಹೊರಬಿದ್ದ ಮೇಲೆ ಮಗಳ ಮುಖ ನೆನಪಾಯಿತು. ಮ್ಯಾನೇಜರ್ ಹೆಲ್ಮೆಟಿನ ಪಟ್ಟಿ ಸರಿಮಾಡಿಕೊಳ್ಳುತ್ತಾ ನಿಂತರು. ತಜ್ಞನಿಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮಲ್ಲೂ ಹೊಸತು ಹಾಕಿದ ಮೇಲೆಯೇ ನನ್ನನ್ನು ಕರೆಯುತ್ತಾರೆ ಎಂದು ನಕ್ಕು, ಪೆಟ್ಟಿಗೆ ಮುಚ್ಚಿದ. ಬೇರೆ ಏನನ್ನೂ ಕೇಳಲಿಲ್ಲ. ಅಂದರೆ ಆ ಕಡೆಯವರೂ ಈ ಕಡೆಯವರೂ ಮುಖ ತೊಳೆದು ಪೌಡರ್ ಹಚ್ಚಿ ಕೂತಾಗ ಇವನು ಫೋಟೋ ತೆಗೆದು, ಯಾರು ಬೆಳ್ಳಗೆ ಎಂದು ಹೋಲಿಸುವುದು. ಇದು ಅವನಿಗೂ ಗೊತ್ತು, ಕರೆಸಿದವರಿಗೂ ಗೊತ್ತು. ಹಾಗಾದರೆ ಈ ಹೋಲಿಕೆ ಯಾರಿಗೆ ಬೇಕಾಗಿತ್ತು? ಇವತ್ತಿನವರೆಗೂ ನನಗೆ ಉತ್ತರ ಸಿಕ್ಕಿಲ್ಲ.

ಮರುದಿನ ಮ್ಯಾನೇಜರ್ ಕರೆದರು. ಖಲಾಸ್, ಊರಿಗೆ ಟಿಕೆಟ್ ಕೊಡುತ್ತಾರೆ ಎಂದುಕೊಂಡೇ ಒಳಗೆ ಹೋದೆ. ಅವರು ವೀಸಾದ ಕಾಗದ ಎಳೆದು, ಓದದೆಯೇ ಸಹಿ ಹಾಕಿದರು.

“ಕರ್ಕೊಂಡು ಬಾ,” ಎಂದರು. “ಸಂಸಾರ ಇಲ್ಲಿದ್ರೆ ಮನುಷ್ಯ ಜಾಸ್ತಿ ಮಾತಾಡುದಿಲ್ಲ, ಅಲ್ವಾ?”

ನಗುತ್ತಲೇ ಹೇಳಿದರು. ನಾನು ಕಾಗದ ತೆಗೆದುಕೊಂಡೆ. ತೆಗೆದುಕೊಳ್ಳದೆ ಏನು ಮಾಡಲಿ?

ಹೆಂಡತಿ ಮತ್ತು ಮಗಳು ಬಂದರು. ವಕ್ರಾದಲ್ಲಿ ಎರಡು ಕೋಣೆಯ ಮನೆ ಹಿಡಿದೆವು. ಆ ಜಾಲರಿ ಹಳತಾಗಿ, ಹರಿಯುವವರೆಗೂ ಓಡಿತು. ಅಳೆಯಲು ಯಾರೂ ಬರಲಿಲ್ಲ, ನಾನೂ ಯಾರಲ್ಲೂ ಮಾತೆತ್ತಲಿಲ್ಲ. ಒಂದು ಗುರುವಾರ ಹೆಂಡತಿ ಅಂಜಲ್ ಮೀನು ತೊಳೆಯುತ್ತಾ, ನಾಳೆ ರಜೆಯಲ್ಲವಾ, ಮ್ಯಾನೇಜರನ್ನು ಊಟಕ್ಕೆ ಕರೆಯೋಣ ಎಂದಳು. ಬೇಡ ಎಂದೆ.

“ಯಾಕೆ? ನಮ್ಮನ್ನು ಕರೆಸಿದ್ದೇ ಅವರಲ್ವಾ?”

“ಹೌದು,” ಎಂದೆ. “ಅದಕ್ಕೇ ಬೇಡ.”